ಶ್ರುತಿ ಬಲ್ಲವನಿಗೆ ಜಪಾನೀ ಪಾಠ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಯೊಂದರಲ್ಲಿ ಕೊಳಲೋ ಪಿಟೀಲೋ ಮದ್ದಳೆಯೋ ಕಲಿತ ಮಗ 'ಜಪಾನೀ ಭಾಷೆ ಕಲಿಯುತ್ತೇನೆ, ಮುಂದೆ ಆ ದೇಶಕ್ಕೆ ಹೋಗಬೇಕೆಂದಿದ್ದೇನೆ' ಎಂದರೆ ಹೆತ್ತವರಿಗೆ ಗಾಬರಿಯಾಗುವುದು ಸಹಜ. ಸಂಗೀತದಿಂದ ಹೊಟ್ಟೆ ತುಂಬುವುದೇ ಎಂಬ ಹಳೆಯ ಚಿಂತೆ ಹೇಗೂ ಇದೆ. ಅದರ ಮೇಲೆ, ಕಂಡು ಕೇಳರಿಯದ ಭಾಷೆ ಇವನ ತಲೆಗೆ ಹತ್ತುವುದೇ ಎಂಬ ಹೊಸ ಚಿಂತೆ. ಮೊದಲನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಎರಡನೆಯದಕ್ಕೆ ಮಾತ್ರ ಇದೇ ಮಣ್ಣಿನಲ್ಲಿ ಒಳ್ಳೆಯ ಉತ್ತರವಿದೆ.

ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರಾದ ತನಿಯಪ್ಪನವರ ಮಗ. ತಂದೆಯಿಂದಲೇ ಮೊದಲ ಪಾಠ. ಒಮ್ಮೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಅವರ ಮನಸ್ಸು ಅದರತ್ತ ಹೊರಳಿತು. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಕರ್ನಾಟಕ ಸಂಗೀತಕ್ಕೆಂದು ಹುಟ್ಟಿದ್ದಲ್ಲ.

ತೊಡಕು ಎಲ್ಲಿತ್ತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಾಗಸ್ವರದ ರಂಧ್ರವನ್ನು ಬೆರಳೇ ಮುಚ್ಚುತ್ತದೆ. ಬೆರಳನ್ನು ತುಸು ಸರಿಸಿ, ಉಸಿರಿನ ಒತ್ತಡ ಬದಲಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಹುದು. ಗಮಕ ಹುಟ್ಟುವುದು ಹೀಗೆ. ಸ್ಯಾಕ್ಸೋಫೋನಿನ ರಂಧ್ರಗಳಿಗಾದರೋ ಲೋಹದ ಮುಚ್ಚಳಗಳು. ಬೆರಳು ಒತ್ತುವುದು ಅವನ್ನು ಆಡಿಸುವ ಕೀಗಳನ್ನು. ಹೀಗಾಗಿ ಸ್ವರಗಳು ಮೆಟ್ಟಿಲುಗಳಂತೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಈ ಮೆಟ್ಟಿಲುಗಳ ಮೇಲೆ ಜಾರಲು ಗೋಪಾಲನಾಥರಿಗೆ ವರ್ಷಗಟ್ಟಲೆ ಸಾಧಕ ಬೇಕಾಯಿತು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಂಥ ಗುರುಗಳ ಬಳಿ ಕಲಿತರು. ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರೊಮೆನೇಡ್ ಕಛೇರಿಗೆ ಆಹ್ವಾನ ಬಂತು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಪರದೇಶಿ ವಾದ್ಯ ಈ ಕಡೆಯ ಮದುವೆ, ಜಾತ್ರೆಗಳಲ್ಲಿ ಮನೆಯದೇ ಆಗಿಹೋಗಿತ್ತು.

ಪರಭಾಷೆಯೂ ಇಂಥದೇ ಒಂದು ವಾದ್ಯ. ಅದನ್ನು ಪಳಗಿಸಲು ಮೊದಲು ಬೇಕಾದದ್ದು ಕಿವಿ. ಬಂಟ್ವಾಳ ಪೇಟೆಯ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದುತ್ತದೆ. ಅದಕ್ಕೆ ಮನೆಮಾತನ್ನು ಯಾರೂ ವ್ಯಾಕರಣ ಹೇಳಿ ಕಲಿಸಿದ್ದಲ್ಲ.

ಜಪಾನೀ ಭಾಷೆಯಂತೂ ಕನ್ನಡಿಗನಿಗೆ ಹೊರಗಿನಿಂದ ಕಾಣುವಷ್ಟು ದೂರದ್ದಲ್ಲ. 'ನೀರನ್ನು ಕುಡಿಯುತ್ತೇನೆ' ಎಂಬುದಕ್ಕೆ ಅಲ್ಲಿ 'ಮಿಜು ಒ ನೊಮಿಮಸು' ಎನ್ನುತ್ತಾರೆ. ಮಿಜು ಎಂದರೆ ನೀರು, 'ಒ' ಎಂಬುದು ನಮ್ಮ 'ಅನ್ನು' ಇದ್ದಂತೆ, ಕ್ರಿಯಾಪದ ಕೊನೆಗೆ. ಅವರ ಅಕ್ಷರಮಾಲೆಯೂ ಅ, ಇ, ಉ, ಎ, ಒ ಎಂದು ತೊಡಗಿ ಕ, ಸ, ತ, ನ ಎಂದು ಸಾಗುತ್ತದೆ. ಬೌದ್ಧ ಧರ್ಮದೊಡನೆ ಅಲ್ಲಿಗೆ ತಲುಪಿದ ಭಾರತದ ವರ್ಣಮಾಲೆಯ ಪ್ರಭಾವ ಈ ಕ್ರಮದಲ್ಲಿದೆ. ಬೆಳೆ-ಬೇಳೆಗಳ ವ್ಯತ್ಯಾಸ ತಿಳಿದವನಿಗೆ 'ಒಬಸನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಎಂದರೆ ಅಜ್ಜಿ ಎಂಬುದು ಕಷ್ಟವಾಗದು. ಲಘು-ಗುರು ಎಣಿಸುವ ಅಭ್ಯಾಸ ಅಲ್ಲೂ ಕೆಲಸಕ್ಕೆ ಬರುತ್ತದೆ.

ಸಂಗೀತಗಾರನಿಗೆ ಇನ್ನೂ ಒಂದು ಅನುಕೂಲವಿದೆ. ಟೋಕಿಯೋದ ಮಾತಿನಲ್ಲಿ 'ಹಶಿ' ಎಂಬ ಪದವನ್ನು ಮೇಲಿನ ಸ್ವರದಿಂದ ಕೆಳಕ್ಕಿಳಿಸಿದರೆ ಊಟದ ಕಡ್ಡಿ. ಕೆಳಗಿನಿಂದ ಮೇಲಕ್ಕೇರಿಸಿದರೆ ಸೇತುವೆ. ಕನ್ನಡದಲ್ಲಿ ಹೀಗೆ ಸ್ವರದ ಏರಿಳಿತದಿಂದ ಪದದ ಅರ್ಥ ಬದಲಾಗುವುದಿಲ್ಲ. ಆದ್ದರಿಂದ ಬೇರೆಯವರು ತಡವರಿಸುವ ಈ ಜಾಗದಲ್ಲಿ ಶ್ರುತಿಜ್ಞಾನವುಳ್ಳವನಿಗೆ ದಾರಿ ಬೇಗ ಸಿಗುತ್ತದೆ.

ಹಾಗೆಂದು ಇದು ಆರು ತಿಂಗಳ ಆಟವಲ್ಲ. ಹಿರಗಾನ, ಕಟಕಾನ ಎಂಬ ಎರಡು ಅಕ್ಷರ ಸಮೂಹಗಳಲ್ಲಿ ತಲಾ 46 ಮೂಲಾಕ್ಷರಗಳು. ಇವನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಆದರೆ ಚೀನಾದಿಂದ ಬಂದ ಕಾಂಜಿ ಅಕ್ಷರಗಳ ನಿತ್ಯ ಬಳಕೆಯ ಪಟ್ಟಿಯಲ್ಲೇ 2,136 ಇವೆ. ಜಪಾನಿನ ಮಕ್ಕಳೇ ಆರು ವರ್ಷದ ಪ್ರಾಥಮಿಕ ಶಾಲೆಯಲ್ಲಿ ಕಲಿಯುವುದು 1,026. ದಿನಕ್ಕೆ ಎರಡರಂತೆ ಬರೆದು ಮರಳಿ ಬರೆಯುವುದೇ ಉಪಾಯ. ಸರಳೆ ವರಸೆ ಹೇಳಿದವನಿಗೆ ಇದೇನೂ ಹೊಸ ವಿಧಾನವಲ್ಲ.

ಹೆತ್ತವರು ತಿಳಿದಿರಬೇಕಾದ ಮಾತುಗಳೂ ಇವೆ. 1984ರಲ್ಲಿ ಆರಂಭವಾದ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಈಗ ಐದು ಹಂತಗಳು. ಎನ್-5 ಎಂಬುದು ಮೊದಲ ಮೆಟ್ಟಿಲು, ಎನ್-1 ಕೊನೆಯದು. ಅದರಲ್ಲಿ ಓದುವ, ಕೇಳುವ ಪರೀಕ್ಷೆ ಉಂಟು, ಮಾತನಾಡುವ ಪರೀಕ್ಷೆ ಇಲ್ಲ. ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದರೂ ನಾಲಗೆ ತಿರುಗಲು ಬೇರೆ ಅಭ್ಯಾಸ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಸಂಭಾವನೆ ಪಡೆದು ಕಛೇರಿ ನಡೆಸುವಂತಿಲ್ಲ. ಅದಕ್ಕೆ ಬೇರೆಯೇ ವೀಸಾ ಇದೆ. ವಿದ್ಯಾರ್ಥಿಯಾಗಿ ಹೋದವನು ಅನುಮತಿ ಪಡೆದು ಸಾಮಾನ್ಯವಾಗಿ ವಾರಕ್ಕೆ 28 ಗಂಟೆಯವರೆಗೆ ದುಡಿಯಬಹುದು. ದುಡಿದೇ ಎಲ್ಲ ಖರ್ಚು ನೀಗಿಸಬಹುದೆಂದು ಭರವಸೆ ಕೊಡುವ ದಲ್ಲಾಳಿಗಳಿದ್ದರೆ ದೂರವಿಡುವುದು ಲೇಸು. ಜಪಾನ್ ಸರ್ಕಾರದ ವಿದ್ಯಾರ್ಥಿವೇತನಗಳ ವಿವರವನ್ನು ಅವರ ರಾಯಭಾರ ಕಚೇರಿಯ ಮೂಲಕವೇ ಪಡೆಯಬೇಕು.

ಕೊನೆಯದಾಗಿ ಒಂದು ಮಾತು. ಲಂಡನ್ನಿನವರು ಗೋಪಾಲನಾಥರನ್ನು ಕರೆದದ್ದು ಪಾಶ್ಚಾತ್ಯರಂತೆ ಸ್ಯಾಕ್ಸೋಫೋನ್ ನುಡಿಸುತ್ತಾರೆಂದಲ್ಲ. ಹಾಗೆ ನುಡಿಸುವವರು ಅಲ್ಲಿ ಬೇಕಾದಷ್ಟಿದ್ದರು. ಅವರು ಕೇಳಬಯಸಿದ್ದು ಕರ್ನಾಟಕ ಸಂಗೀತವನ್ನು. ಜಪಾನಿಗೆ ಹೊರಟವನೂ ಇದನ್ನು ಮರೆಯಬಾರದು. ಭಾಷೆ ಅಲ್ಲಿನ ಬಾಗಿಲು ತೆರೆದೀತು. ಒಳಗೆ ಹೋದ ಮೇಲೆ ನುಡಿಸಬೇಕಾದದ್ದು ಊರಿನಲ್ಲಿ ಕಲಿತದ್ದನ್ನೇ. ಬೆಳಗಿನ ಸಾಧಕದ ಹೊತ್ತಿಗೆ ಕೈಹಾಕದೆ, ಸಂಜೆಯ ಒಂದು ಗಂಟೆಯನ್ನು ಜಪಾನೀ ಪಾಠಕ್ಕೆ ಮೀಸಲಿಡಲಿ. ಮನೆಯವರು ಆ ಒಂದು ಗಂಟೆ ಅವನನ್ನು ಬೇರೆ ಕೆಲಸಕ್ಕೆ ಕರೆಯದಿದ್ದರೆ ಅದೇ ದೊಡ್ಡ ಸಹಾಯ.