ಬಣ್ಣದ ಕೆಳಗಿನ ಗಾಲಿ

ನಮ್ಮ ಕಡೆ ಸ್ಪೋಕ್ ಇಲ್ಲದ ಮೋಟರ್‌ಸೈಕಲ್ ಗಾಲಿಗೆ ‘ಮ್ಯಾಗ್ ವ್ಹೀಲ್’ ಅಂತಾರೆ. ನವಲಗುಂದದ ಪಂಕ್ಚರ್ ಅಂಗಡಿಯವನೂ ಅಂತಾನೆ, ಹುಬ್ಬಳ್ಳಿಯ ಬಿಡಿಭಾಗದ ಸೇಠೂ ಅಂತಾನೆ. ಮ್ಯಾಗ್ ಅಂದರೆ ಮ್ಯಾಗ್ನೀಷಿಯಂ. ಆದರೆ ನಮ್ಮ ರಸ್ತೆಯಲ್ಲಿ ಓಡುವ ಆ ಗಾಲಿಗಳು ಅಲ್ಯುಮಿನಿಯಂ ಎರಕದವು. ಗಾಲಿಗೆ ಹೆಚ್ಚಾಗಿ ಬಳಸುವ ಎರಕದಲ್ಲಿ ನೂರಕ್ಕೆ ಏಳು ಪಾಲು ಸಿಲಿಕಾನ್ ಇದ್ದರೆ ಮ್ಯಾಗ್ನೀಷಿಯಂ ಅರ್ಧ ಪಾಲೂ ಇರುವುದಿಲ್ಲ, ಸಾರಿಗೆ ಹಾಕಿದ ಉಪ್ಪಿನಷ್ಟು. ನಿಜವಾದ ಮ್ಯಾಗ್ನೀಷಿಯಂ ಗಾಲಿ ರೇಸಿನವರದ್ದು, ದುಡ್ಡಿದ್ದವರದ್ದು. ವಸ್ತು ಅಲ್ಲೇ ಉಳಿದು ಹೆಸರಷ್ಟೇ ನಮ್ಮ ಕೇರಿಗೆ ಇಳಿದು ಬಂದಿದೆ. ಇದೇನೂ ನಮಗೆ ಹೊಸದಲ್ಲ ಗೆಳೆಯರೇ, ಸಮಾನತೆ ಅನ್ನುವ ಶಬ್ದವೂ ಹೀಗೇ ಬಂದದ್ದು.

ಇದನ್ನು ನನಗೆ ಹೇಳಿಕೊಟ್ಟವನು ನನ್ನ ತಮ್ಮ. ನಮ್ಮ ಮನೆತನದಲ್ಲಿ ಮೊದಲ ಸಲ ಡಿಗ್ರಿ ಕಂಡವನು ನಾನು. ನಾನು ಕವಿತೆ ಬರೆದು ಗೋಷ್ಠಿಗಳಲ್ಲಿ ಓದುತ್ತ ತಿರುಗುವಾಗ ಅವನು ಹತ್ತನೇತ್ತೆಗೆ ಶಾಲೆ ಬಿಟ್ಟು ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ಗಾಲಿ ತಿಕ್ಕಲು ನಿಂತ. ಈಗ ಅಣ್ಣಿಗೇರಿ ಹತ್ತಿರ ರಸ್ತೆ ಬದಿಗೆ ತನ್ನದೇ ತಗಡಿನ ಶೆಡ್ ಹಾಕಿದ್ದಾನೆ. ಅವನು, ಜೊತೆಗೊಬ್ಬ ಹುಡುಗ. ಹಳೇ ಬಣ್ಣ ಕಿತ್ತು, ಹುಳುಕು ಕೆರೆದು, ಸಾಣೆ ಹಿಡಿದು, ಮತ್ತೆ ಬಣ್ಣ ಹೊಡೆದು ಕೊಡುವುದು ಕೆಲಸ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಅಲ್ಲಿ ಹುಟ್ಟಿದ ಯೆಜ್ಡಿಗಳ ಸ್ಪೋಕಿನ ಗಾಲಿ ಇನ್ನೂ ಅವನ ಕೈಗೆ ಬರುತ್ತವೆ.

ಗಾಲಿ ನೋಡಿ ಗಾಡಿ ಯಾವ ಸೀಮೆಯದು ಅಂತ ಹೇಳಿಬಿಡ್ತಾನೆ. ಕಲಘಟಗಿ ಕಡೆಯದಕ್ಕೆ ಕೆಂಪು ಮಣ್ಣು, ಗದ್ದೆಯ ನೀರು, ಬಿಡದ ಮಳೆ. ಸ್ಪೋಕಿನ ಬುಡದಲ್ಲೆಲ್ಲ ಜಂಗು. ನವಲಗುಂದ, ಅಣ್ಣಿಗೇರಿ, ಕುಂದಗೋಳದ್ದಕ್ಕೆ ಎರಿ ಮಣ್ಣು. ಮಳೆ ಬಿದ್ದಾಗ ಈ ಮಣ್ಣು ಮಡ್‌ಗಾರ್ಡಿನೊಳಗೆ ನಾದಿದ ಹಿಟ್ಟಿನ ಹಾಗೆ ಮೆತ್ತಿ ಗಾಡಿಯನ್ನೇ ನಿಲ್ಲಿಸುತ್ತದೆ. ಮೇಲೆ ಒಣಗಿದರೂ ಒಳಗೆ ಹಸಿ ಬಿಡುವುದಿಲ್ಲ. ಅದನ್ನು ಬೋರಿನ ಸವಳು ನೀರಿನಿಂದ ತೊಳೆಯುತ್ತಾರೆ. ಮಲಪ್ರಭೆ ಕಾಲುವೆ ಬಂದ ಮೇಲೆ ಎಷ್ಟೋ ಹೊಲ ಸವಳು-ಜವಳಾದದ್ದು ನಿಮಗೆ ಗೊತ್ತಿರುವುದೇ. ಹೊಲದ ಮೇಲೆ ಬಿಳಿ ಪೊರೆ ಕಟ್ಟುವ ಉಪ್ಪೇ ಗಾಲಿಯ ಸಂದಿಯಲ್ಲೂ ಕೂಡುತ್ತದೆ. ಸಾಲದ್ದಕ್ಕೆ ಹಿಂದಿನ ಸೀಟಿನ ಮೇಲೆ ಪೊಟ್ಯಾಷ್ ಚೀಲ. ಪೊಟ್ಯಾಷ್ ಅಂದರೆ ಅಡಿಗೆ ಉಪ್ಪಿನ ದಾಯಾದಿ, ಪೊಟ್ಯಾಸಿಯಂ ಕ್ಲೋರೈಡ್. ಚೀಲ ಸೋರಿ ಹಿಂದಿನ ಗಾಲಿ ಮೇಲೆ ಬೀಳುತ್ತದೆ. ಬೆಣ್ಣಿಹಳ್ಳ ಉಕ್ಕಿದಾಗ ನೀರೊಳಗೇ ಗಾಡಿ ದಾಟಿಸಿದರಂತೂ ಬೇರಿಂಗಿನ ಒಳಗೂ ನೀರು.

ನಮ್ಮ ಅಜ್ಜ ತೊಗಲಿನ ಕೆಲಸದವ. ಮಿಣಿ, ಬಾರುಕೋಲು, ಕೆರ ಮಾಡುತ್ತಿದ್ದ. ಹಸೀ ತೊಗಲಿಗೆ ಉಪ್ಪು ಸವರಿ ಇಟ್ಟರೆ ಕೊಳೆಯುವುದಿಲ್ಲ. ಆ ಉಪ್ಪೇ ಲೋಹವನ್ನು ತಿನ್ನುತ್ತದೆ. ತೊಗಲು ಎಲ್ಲಿ ಸತ್ತಿದೆ ಅಂತ ಅಜ್ಜ ಹೆಬ್ಬೆರಳಿನಿಂದ ಒತ್ತಿ ಹೇಳುತ್ತಿದ್ದನಂತೆ. ತಮ್ಮನೂ ಗಾಲಿಯ ಮೇಲೆ ಹೆಬ್ಬೆರಳು ಆಡಿಸುತ್ತಾನೆ. ಊರವರಿಗೆ ಅಜ್ಜನ ಕೈ ಬೇಕಿತ್ತು, ಅಜ್ಜ ಬೇಡವಾಗಿದ್ದ. ಆ ಹೆಬ್ಬೆರಳಿಗೆ ವಿದ್ಯೆ ಅಂತ ಯಾರೂ ಕರೆಯಲಿಲ್ಲ.

ಲೋಹ ಹುಳುಕುವುದರಲ್ಲೂ ಬೇರೆಬೇರೆ ಗುಣ ಇದೆ. ಉಕ್ಕು ಕೆಂಪಗೆ ಹುಳುಕುತ್ತದೆ. ಅದರ ಮೇಲಿನ ಕ್ರೋಮಿಗೆ ಏನೂ ಆಗುವುದಿಲ್ಲ. ಕ್ರೋಮಿನ ಕೂದಲೆಳೆ ಬಿರುಕಿನಲ್ಲಿ ನೀರಿಳಿದು ಕೆಳಗಿನ ಉಕ್ಕು ಉಬ್ಬಿ ಹೊಳಪನ್ನು ಸಿಪ್ಪೆಯ ಹಾಗೆ ಎತ್ತುತ್ತದೆ. ಅಲ್ಯುಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ತಾನೇ ತೆಳ್ಳನೆ ಪೊರೆ ಹೊದೆಯುತ್ತದೆ, ಆ ಪೊರೆ ಅದನ್ನು ಕಾಯುತ್ತದೆ. ಉಪ್ಪು ಪೊರೆಯನ್ನು ಚುಚ್ಚಿದಲ್ಲಿ ಬಿಳೀ ಹಿಟ್ಟು, ಅದರ ಕೆಳಗೆ ಸೂಜಿ ತೂತು. ಬಣ್ಣದಡಿಯಲ್ಲಿ ಗೆದ್ದಲು ಹರಿದ ಹಾಗೆ ಎಳೆಎಳೆ. ಮ್ಯಾಗ್ನೀಷಿಯಂ ಪಾಪದ್ದು. ಅದರ ಪೊರೆ ಉಪ್ಪು ನೀರಿನ ಮುಂದೆ ನಿಲ್ಲುವುದಿಲ್ಲ. ಅದಕ್ಕೆ ಉಕ್ಕಿನ ಬೋಲ್ಟ್ ತಾಗಿದ್ದು ನಡುವೆ ಉಪ್ಪು ನೀರು ಸೇರಿತೋ, ಉಕ್ಕು ಉಳಿಯುತ್ತದೆ, ಮ್ಯಾಗ್ನೀಷಿಯಂ ಕರಗುತ್ತದೆ. ನೀರು ಕಾಯಿಸುವ ಗೀಸರಿನೊಳಗೆ ಇದೇ ಕಾರಣಕ್ಕೆ ಮ್ಯಾಗ್ನೀಷಿಯಂ ಸರಳು ಇಡುತ್ತಾರೆ, ಉಕ್ಕಿನ ಡಬ್ಬಿ ಉಳಿಯಲಿ ಅಂತ. ಬಲಿಯ ಸರಳು ಅಂತಲೇ ಅದರ ಹೆಸರು. ಇದರ ಮೇಲೆ ಒಂದು ಕವಿತೆ ಬರೆಯಲು ಕೂತಿದ್ದೆ. ತಮ್ಮ, “ಅದನ್ನ ವರ್ಷಾ ಎರಡು ವರ್ಷಕ್ಕ ಬಿಚ್ಚಿ ನೋಡ್ಬೇಕಣ್ಣಾ, ಯಾರೂ ನೋಡೂದಿಲ್ಲ” ಅಂದ. ನನ್ನ ಕವಿತೆಗಿಂತ ಅವನ ಮಾತೇ ಚೊಲೋ ಇತ್ತು.

ನಿಜವಾದ ಮ್ಯಾಗ್ನೀಷಿಯಂ ಗಾಲಿಯನ್ನು ಅವನು ಕಂಡದ್ದು ಒಂದೇ ಸಲ, ಹುಬ್ಬಳ್ಳಿಯಲ್ಲಿ. ಯಾರೋ ಹವ್ಯಾಸಿಯ ಹಳೇ ವಿದೇಶೀ ಗಾಡಿಯದು. ಎತ್ತಿದರೆ ಕೈ ಮೇಲಕ್ಕೆ ಹಾರಿತಂತೆ. ಅಲ್ಯುಮಿನಿಯಂ ನೀರಿಗಿಂತ 2.7 ಪಟ್ಟು ಭಾರ, ಮ್ಯಾಗ್ನೀಷಿಯಂ 1.74 ಪಟ್ಟಷ್ಟೇ. ಮಾಲೀಕ ಗ್ರೈಂಡರ್ ಹಿಡಿ ಅಂದ. ಅಲ್ಲಿದ್ದ ಹಿರಿಯ ಕೆಲಸಗಾರನೊಬ್ಬ ತಡೆದು, ಎದುರಿನ ಗೋಬಿ ಮಂಚೂರಿ ಗಾಡಿಯಿಂದ ನಾಲ್ಕು ಹನಿ ವಿನೆಗರ್ ತರಿಸಿ, ಬಣ್ಣ ಕೆರೆದ ಜಾಗಕ್ಕೆ ಬಿಟ್ಟ. ಬುಸುಬುಸು ನೊರೆ ಎದ್ದಿತು. ಅಲ್ಯುಮಿನಿಯಂ ಆಗಿದ್ದರೆ ಸುಮ್ಮನೆ ಕೂತಿರುತ್ತಿತ್ತು. ಮ್ಯಾಗ್ನೀಷಿಯಂ ಪುಡಿಗೆ ಗ್ರೈಂಡರಿನ ಒಂದು ಕಿಡಿ ಸಾಕು, ಬೆಂಕಿ. ಅದರ ಮೇಲೆ ನೀರು ಸುರಿದರೆ ಹೈಡ್ರೋಜನ್ ಹುಟ್ಟಿ ಇನ್ನೂ ಭುಗಿಲೇಳುತ್ತದೆ. ಒಣ ಉಸುಕೇ ಗತಿ. ಆ ಮನುಷ್ಯ ತಡೆಯದೆ ಹೋಗಿದ್ದರೆ ಶೆಡ್ಡಿನಲ್ಲಿ ಬಕೆಟ್ ತುಂಬ ನೀರೇ ಇತ್ತು.

ಊರ ಶಾಲೆಯ ಮೇಷ್ಟ್ರುಗಳೇ, ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲೇ ಮ್ಯಾಗ್ನೀಷಿಯಂ ಪಟ್ಟಿ ಉರಿಸುವ ಪ್ರಯೋಗ ಇದೆಯಲ್ಲ. ಉರಿಸುವ ಮೊದಲು ಉಸುಕಿನ ಹಾಳೆಯಿಂದ ತಿಕ್ಕಿರಿ ಅಂತಲೂ ಇದೆ. ನಾವು ಓದಿದ ಶಾಲೆಯಲ್ಲಿ ಪಟ್ಟಿಯೂ ಇರಲಿಲ್ಲ, ಹಾಳೆಯೂ ಇರಲಿಲ್ಲ. ಸಮೀಕರಣವನ್ನು ಹಲಗೆಯ ಮೇಲೆ ಬರೆದು ಅಳಿಸಿದರು. ಯಾಕೆ ತಿಕ್ಕಬೇಕು ಅಂತ ಯಾರೂ ಕೇಳಲಿಲ್ಲ. ಆ ಮಬ್ಬು ಬೂದಿ ಪೊರೆಯನ್ನು ತೆಗೆಯಲಿಕ್ಕೆ. ತಮ್ಮನ ಇಡೀ ಕಸುಬು ಆ ಒಂದು ಸಾಲಿನಲ್ಲಿತ್ತು.

ಈಗ ನಿಜವಾದ ಸಂಕಟದ ಮಾತು. ಗಾಲಿಗೆ ಹೊಸ ಬಣ್ಣ ಹೊಡೆಸುವವರು ಎರಡು ಥರ. ಇಟ್ಟುಕೊಳ್ಳುವವರು, ಮಾರುವವರು. ಮಾರುವ ಗಾಡಿ ಯಾರ ಮನೆಗೆ ಹೋಗುತ್ತದೆ? ದೊಡ್ಡ ಓಣಿಯಿಂದ ಹೊರಟು, ಎರಡು ಮೂರು ಕೈ ದಾಟಿ, ಕಡೆಗೆ ನಮ್ಮ ಕೇರಿಗೆ. ಕಡ್ಲಿ ಕಿತ್ತ ಕೂಲಿ, ಹತ್ತಿ ಬಿಡಿಸಿದ ಕೂಲಿ ಸೇರಿಸಿ ಹುಡುಗರು ಕೊಳ್ಳುವ ಮೊದಲ ಗಾಡಿ ಅದು. ಮಿರಿಮಿರಿ ಕರೀ ಗಾಲಿ ನೋಡಿ ಮರುಳಾಗುತ್ತಾರೆ. ಹಿಂದೆ ಹೆಂಡತಿ, ಮುಂದೆ ಟ್ಯಾಂಕಿನ ಮೇಲೆ ಕೂಸು.

ಒಮ್ಮೆ ಊರಿನ ದೊಡ್ಡ ಮನೆಯ ಹುಡುಗನೊಬ್ಬ ಹೀಗೆ ಮಾರುವ ಗಾಡಿಯ ಗಾಲಿ ತಂದ. ಬೇರಿಂಗ್ ಕೂರುವ ಜಾಗದ ಸುತ್ತ ಬಣ್ಣ ಗುಳ್ಳೆ ಎದ್ದಿತ್ತು. ತಮ್ಮ ಬಣ್ಣ ಕೆರೆದು, ಚಿಮಣಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿದ. ಬಿರುಕಿನೊಳಗೆ ಇಳಿದ ಎಣ್ಣೆ ಹೊರಗೆ ಜಿನುಗಿ ಬಿಳೀ ಸುಣ್ಣದ ಮೇಲೆ ಗೆರೆಯಾಗಿ ಕಾಣುತ್ತದೆ. ಕಂಡಿತು, ಕಿರುಬೆರಳಿನಷ್ಟು ಉದ್ದ.

“ಇದಕ್ಕ ಬಣ್ಣಾ ಹೊಡಿಯೂದಿಲ್ರೀ. ಗಾಲಿ ಸತ್ತೈತಿ.”

“ಬೆಸಿಗಿ ಹಾಕು.”

“ಎರಕಾ ಕಾಯಿಸಿ ಗಟ್ಟಿ ಮಾಡಿರ್ತಾರ್ರೀ. ಬೆಸಿಗಿ ಕಾವಿಗೆ ಆ ಗಟ್ಟಿತನ ಹೋಕ್ಕೈತಿ.”

“ಹೊಡಿ ಅಂದ್ರ ಹೊಡಿ. ನಿನ್ನ ಶಾಣ್ಯಾತನ ಯಾರು ಕೇಳ್ಯಾರು? ಓಡ್ಸಾಂವ ನೀನೇನು?”

ಓಡಿಸುವವನು ನಮ್ಮವನೇ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಹುಡುಗ ಗಾಲಿ ಎತ್ತಿಕೊಂಡು ಹೋಗಿ ಬೇರೆ ಕಡೆ ಬಣ್ಣ ಹೊಡೆಸಿದ. ಆ ಓಣಿಯ ಗಿರಾಕಿಗಳು ಮೂರು ತಿಂಗಳು ಶೆಡ್ಡಿನತ್ತ ಬರಲಿಲ್ಲ. ತಮ್ಮ ಬಗ್ಗಲಿಲ್ಲ. ಆದರೆ ಆವತ್ತಿನಿಂದ ಒಂದು ಪದ್ಧತಿ ಮಾಡಿದ: ಕೇರಿಯವರು ಯಾರೇ ಹಳೇ ಗಾಡಿ ಕೊಳ್ಳಲಿ, ದುಡ್ಡು ಕೊಡುವ ಮೊದಲು ಅವನ ಹತ್ತಿರ ತರಬೇಕು. ನೋಡಲಿಕ್ಕೆ ದುಡ್ಡಿಲ್ಲ.

ಏನು ನೋಡುತ್ತಾನೆ? ಹೊಸ ಬಣ್ಣವನ್ನು ಮೊದಲು ಅನುಮಾನಿಸುತ್ತಾನೆ. ಬೇರಿಂಗ್ ಸುತ್ತ, ಡಿಸ್ಕಿನ ಬೋಲ್ಟ್ ಸುತ್ತ, ವಾಲ್ವಿನ ತೂತಿನ ಸುತ್ತ. ಎರಡು ಲೋಹ ಕೂಡಿದಲ್ಲಿ, ನೀರು ನಿಂತಲ್ಲಿ ಹುಳುಕು ಮೊದಲು. ಟ್ಯೂಬ್ ಇಲ್ಲದ ಟೈರಿನ ಗಾಳಿ ಪಂಕ್ಚರ್ ಇಲ್ಲದೆ ಇಳಿಯುತ್ತಿದ್ದರೆ ಟೈರು ಕೂರುವ ಅಂಚಿನಲ್ಲಿ ಬಿಳೀ ಪುಡಿ ಇರಬಹುದು. ಸ್ಪೋಕಿನ ಗಾಲಿಯಾದರೆ ಟೈರು ಕಳಚಿ ರಿಮ್ಮಿನ ಒಳಮೈ ನೋಡಲೇಬೇಕು; ಹೊರಗೆ ಕ್ರೋಮು ಕನ್ನಡಿಯಂತಿದ್ದು ಒಳಗೆ ಹಪ್ಪಳ ಆಗಿರುತ್ತದೆ. ಕೆರೆದಾಗ ಹುಳುಕು ಮೇಲುಮೇಲಿನದಾದರೆ ಸಾಣೆ ಹಿಡಿದು, ಪ್ರೈಮರ್ ಕೊಟ್ಟು ಬಣ್ಣ. ಆಳ ಇದ್ದರೆ ಗಾಲಿಯನ್ನೇ ಬಿಡಬೇಕು, ಸಾಣೆ ಹಿಡಿದಷ್ಟೂ ಲೋಹ ತೆಳ್ಳಗಾಗುತ್ತದೆ.

ಇನ್ನು ಅವನ ಎದೆಯ ವಿಚಾರ. ಹುಬ್ಬಳ್ಳಿಯ ಶೆಡ್ಡಿನಲ್ಲಿ ಹೊಳೆಯ ಉಸುಕನ್ನೇ ಗಾಳಿಯ ಒತ್ತಡದಲ್ಲಿ ಗಾಲಿಗೆ ಹೊಡೆದು ಬಣ್ಣ ಕೀಳುತ್ತಿದ್ದರು. ಮುಖಕ್ಕೆ ಟವೆಲ್ಲು. ಒಡೆದ ಉಸುಕಿನ ಕಣ್ಣಿಗೆ ಕಾಣದ ಧೂಳು ಪುಪ್ಪುಸದಲ್ಲಿ ಕೂತರೆ ಸಿಲಿಕೋಸಿಸ್, ವಾಸಿಯಾಗದ ರೋಗ. ಎರಕದ ವಸ್ತುಗಳಿಗೆ ಹೀಗೆ ಉಸುಕು ಹೊಡೆಯುವುದನ್ನು ಬ್ರಿಟನ್ 1949ರ ನಿಯಮದಲ್ಲೇ ನಿಲ್ಲಿಸಿತು. ನಮ್ಮಲ್ಲೂ 1948ರ ಕಾರ್ಖಾನೆ ಕಾಯ್ದೆ ಈ ರೋಗವನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ವಿದ್ಯುತ್ ಬಳಸುವ ಶೆಡ್ಡು ಕಾರ್ಖಾನೆ ಅನ್ನಿಸಿಕೊಳ್ಳಲು 10 ಜನ ಬೇಕಿತ್ತು. 2020ರ ಸಂಹಿತೆ ಅದನ್ನು 20ಕ್ಕೆ ಏರಿಸಿತು. ತಮ್ಮನ ಶೆಡ್ಡಿನಲ್ಲಿ ಇರುವವರು ಇಬ್ಬರು. ಅವನೀಗ ಉಸುಕು ಹೊಡೆಯುವುದಿಲ್ಲ. ಬಣ್ಣ ಕೀಳುವ ರಸಾಯನ ಹಚ್ಚಿ, ನೀರು ಹಾಕಿ ಹಸಿ ಹಾಳೆಯಿಂದ ತಿಕ್ಕುತ್ತಾನೆ. ಧೂಳು ಹಾರುವುದಿಲ್ಲ, ಬೆರಳಿನ ತೊಗಲು ಸುಲಿಯುತ್ತದೆ. ಕೈಚೀಲ ತೊಡು ಅಂದರೆ, “ಕೈಚೀಲದಾಗ ಹುಳುಕ ತಿಳಿಯೂದಿಲ್ಲಣ್ಣಾ” ಅಂತಾನೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಈ ಜಗಳ ನಮ್ಮಿಬ್ಬರ ನಡುವೆ ನಡದೇ ಇದೆ.

ಈ ಸಲ ಕಡ್ಲಿ ಸುಗ್ಗಿ ಮುಗಿದ ಮೇಲೆ ಕೇರಿಯ ಹುಡುಗನೊಬ್ಬ ಹಳೇ ಗಾಡಿಯೊಂದನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮಾರುವವನೂ ಜೊತೆಗೇ ಬಂದಿದ್ದ, ವಾಚು ನೋಡಿಕೊಳ್ಳುತ್ತ. ತಮ್ಮ ಮುಂದಿನ ಗಾಲಿ ಕಳಚಿ, ಎಣ್ಣೆ ಸವರಿ ಒರೆಸಿ, ಸುಣ್ಣ ಉಜ್ಜಿ, ಬಿಸಿಲಿಗೆ ತಿರುವಿ ತಿರುವಿ ನೋಡಿದ. ಗೆರೆ ಬರಲಿಲ್ಲ. ಹುಡುಗ ಜೇಬಿಗೆ ಕೈ ಹಾಕಿದ. “ತಡೀಪಾ” ಅಂದ ತಮ್ಮ, “ಹಿಂದಿಂದು ಇನ್ನೂ ನೋಡಿಲ್ಲ.”