ಬಿಸಿಲ ನಾಡಿನಲ್ಲಿ ಹಿಮದ ಕಲ್ಲು

ಮಕ್ಕಳಿಗೆ ಹಿಮದ ಪಾಠ ಹೇಳಲು ಸ್ವಿಟ್ಜರ್ಲೆಂಡಿಗೇ ಹೋಗಬೇಕೆಂದಿಲ್ಲ. ನೀವು ಒಮಾನ್‌ನಲ್ಲಿದ್ದರೆ ಒಂದು ರಜೆಯ ದಿನ ಸಾಕು.

ಮಸ್ಕತ್ ಬಿಟ್ಟು ಬರ್ಕಾ, ನಖಲ್ ದಾಟಿ ವಾದಿ ಮಿಸ್ತಲ್ ಹೊಕ್ಕರೆ, ಸುತ್ತ ಬೆಟ್ಟಗಳ ನಡುವೆ ಬಟ್ಟಲಿನಂಥ ಬಯಲು ಸಿಗುತ್ತದೆ. ಅದೇ ಘುಬ್ರಾ. ಏಪ್ರಿಕಾಟ್ ಹೂವಿಗೆ ಹೆಸರಾದ ವಕಾನ್ ಹಳ್ಳಿಗೂ ಇದೇ ದಾರಿ. ಕೊನೆಯ ಏರಿಗೆ ಫೋರ್‌ವೀಲ್ ಡ್ರೈವ್ ಗಾಡಿ ಬೇಕು.

ನಖಲ್ ಕೋಟೆಯ ಬಳಿ ನಮ್ಮ ಎಂಟು ವರ್ಷದ ಮಗಳು ಕಪ್ಪು ಕಾರೊಂದನ್ನು ಮುಟ್ಟಿ ಥಟ್ಟನೆ ಕೈ ಎಳೆದುಕೊಂಡಳು. ಪಕ್ಕದ ಬಿಳಿ ಕಾರು ಅಷ್ಟು ಸುಡುತ್ತಿರಲಿಲ್ಲ. ಪಾಠ ಅಲ್ಲಿಂದಲೇ ಶುರುವಾಯಿತು.

ಹೊಸ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ವಾಪಸ್ ಕಳಿಸುತ್ತದೆ. ಹಿಮ ಹೊದೆಯದ ಸಮುದ್ರದ ಮಂಜುಗಡ್ಡೆ ಶೇ. 50ರಿಂದ 70ರಷ್ಟು; ತೆರೆದ ಕಡಲು ಬರೀ 6ರಷ್ಟು. ಮೇಲಿನ ಹಿಮ ಕರಗಿ ಮಂಜುಗಡ್ಡೆಯ ಮೇಲೆ ನೀರು ನಿಂತರೆ ಬಣ್ಣ ಕಪ್ಪಾಗುತ್ತದೆ, ಬಿಸಿಲು ಒಳಗಿಳಿಯುತ್ತದೆ, ಗಡ್ಡೆ ತೆಳುವಾಗುತ್ತದೆ. ಅಕ್ಕಪಕ್ಕದ ನೀರೂ ಕಾದು ಅಡಿಯಿಂದ ಕರಗಿಸುತ್ತದೆ. ತೆಳುವಾದಷ್ಟೂ ಬೇಗ ಒಡೆಯುತ್ತದೆ, ಕಡಲು ಇನ್ನಷ್ಟು ತೆರೆದುಕೊಳ್ಳುತ್ತದೆ.

ಇದೇ ಚಕ್ರ ಉಲ್ಟಾ ತಿರುಗಿದರೆ? ಅದರ ಗುರುತು ಘುಬ್ರಾದಲ್ಲಿದೆ. ನುಣುಪಾದ ಕೆಸರುಗಲ್ಲಿನೊಳಗೆ ಮುಷ್ಟಿಗಾತ್ರದ, ತಲೆಗಾತ್ರದ ಕಲ್ಲುಗಳು, ಕೇಸರಿಬಾತಿನಲ್ಲಿ ಗೋಡಂಬಿ ಸಿಕ್ಕಿಕೊಂಡ ಹಾಗೆ. ಸುಮಾರು 71 ಕೋಟಿ ವರ್ಷಗಳ ಹಿಂದೆ ಹಿಮನದಿಗಳು ಹೊತ್ತು ತಂದು ಕಡಲ ತಳಕ್ಕೆ ಕೆಡವಿದ ಕಲ್ಲುಗಳಿವು. ಆ ಕಾಲದಲ್ಲಿ ಬಿಳುಪು ಬಿಳುಪನ್ನೇ ಬೆಳೆಸಿ, ಮಂಜುಗಡ್ಡೆ ಸಮಭಾಜಕ ವೃತ್ತದ ಹತ್ತಿರಕ್ಕೂ ಬಂದಿತ್ತು. ಕಡಲು ಪೂರ್ತಿ ಮುಚ್ಚಿತ್ತೋ, ನಡುನಡುವೆ ತೆರೆದಿತ್ತೋ ಎಂಬ ಚರ್ಚೆಯಲ್ಲಿ ಒಮಾನ್‌ನ ಈ ಬೆಟ್ಟಗಳ ಕಲ್ಲುಪದರಗಳೂ ಸಾಕ್ಷಿ ಹೇಳುತ್ತವೆ.

"ಹಾಗಾದ್ರೆ ಈಗ ಕರಗಿದ್ದೂ ಮತ್ತೆ ವಾಪಸ್ ಬರುತ್ತಲ್ವಾ ಅಮ್ಮ?" ಎಂದಳು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅಂದಿನ ಹಿಮಯುಗ ಮುಗಿಯಲು ಕೋಟ್ಯಂತರ ವರ್ಷ ಹಿಡಿಯಿತು. ಜ್ವಾಲಾಮುಖಿಗಳ ಇಂಗಾಲದ ಡೈಆಕ್ಸೈಡ್ ಕೂಡಿ ಕೂಡಿ ಭೂಮಿಯನ್ನು ಬೆಚ್ಚಗಾಗಿಸಬೇಕಾಯಿತು. ಇಂದು ಅದೇ ಅನಿಲವನ್ನು ನಾವು ತುಂಬಿಸುತ್ತಿದ್ದೇವೆ. 1979ರಿಂದ ಉಪಗ್ರಹಗಳು ನೋಡುತ್ತಿರುವ ಆರ್ಕ್ಟಿಕ್‌ನ ಬೇಸಿಗೆಯ ಮಂಜುಗಡ್ಡೆ ಕುಗ್ಗುತ್ತಿದೆ. "ಬರಬಹುದು ಪುಟ್ಟಿ. ನಾವು ಗಾಳಿಗೆ ಸುರಿಯುವುದನ್ನು ನಿಲ್ಲಿಸಿದರೆ," ಎಂದೆ.

ನೀವೂ ಹೋಗುವಾಗ ಬುತ್ತಿಯ ಜೊತೆ ಐಸ್ ತುಂಡುಗಳು, ಒಂದು ಕಪ್ಪು ಬಟ್ಟೆ, ಒಂದು ಬಿಳಿ ಬಟ್ಟೆ ಇಟ್ಟುಕೊಳ್ಳಿ. ಒಂದೇ ಬಿಸಿಲಿನಲ್ಲಿ ಎರಡರ ಮೇಲೂ ಒಂದೊಂದು ತುಂಡು ಇಡಿ. ಯಾವುದು ಮೊದಲು ಕರಗಿತೆಂದು ಮಕ್ಕಳೇ ನಿಮಗೆ ಹೇಳಲಿ.