ಕೋಟೆ ಮೊದಲು, ಬೆಟ್ಟ ಆಮೇಲೆ

ಬೂದಿಗೆರೆಯಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವಂಥ ಚರಿತ್ರೆಯ ಸುತ್ತಾಟಕ್ಕೆ ದೇವನಹಳ್ಳಿ, ನಂದಿ ಗ್ರಾಮ, ನಂದಿಬೆಟ್ಟ ಈ ಮೂರೇ ಸಾಕು. ಬಹುತೇಕರು ಸೂರ್ಯೋದಯದ ಆಸೆಗೆ ನಸುಕಿನಲ್ಲೇ ಬೆಟ್ಟ ಹತ್ತಿ, ಮಂಜಿನಲ್ಲಿ ಫೋಟೊ ತೆಗೆಸಿಕೊಂಡು, ತಿಂಡಿ ಹೊತ್ತಿಗೆ ಇಳಿದುಬಿಡುತ್ತಾರೆ. ಚರಿತ್ರೆಗೆಂದು ಹೊರಟವರಿಗೆ ಈ ದಾರಿ ತಲೆಕೆಳಗು.

ದೇವನಹಳ್ಳಿಯಲ್ಲಿ 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ್ದು ಮಣ್ಣಿನ ಕೋಟೆ. 1749ರ ಮುತ್ತಿಗೆಯಲ್ಲಿ ಮೈಸೂರಿನ ಪರ ಕಾದಾಡಿ ಹೆಸರು ಮಾಡಿದ ಹೈದರ್ ಅಲಿ ಮುಂದೆ ಅದನ್ನು ಕಲ್ಲಿನಲ್ಲಿ ಕಟ್ಟಿಸಿದ. ಕೋಟೆಯೊಳಗೆ ಇಂದಿಗೂ ಜನವಸತಿಯಿದೆ, ವೇಣುಗೋಪಾಲಸ್ವಾಮಿ ಗುಡಿಯಿದೆ. ಹೈದರನ ಮಗ ಟಿಪ್ಪು ಹುಟ್ಟಿದ ಜಾಗ ಕೋಟೆಗೆ ಹತ್ತಿರದಲ್ಲೇ ಇದೆ. ಅಲ್ಲಿರುವುದು ಚಿಕ್ಕದೊಂದು ಕಂಬಗಳ ಮಂಟಪ ಮತ್ತು ಒಂದು ಕಲ್ಲುಫಲಕ. ಉಳಿದದ್ದನ್ನೆಲ್ಲ ಗೈಡೇ ಬಾಯಲ್ಲಿ ಕಟ್ಟಿಕೊಡಬೇಕು.

ದಿನದ ಹೆಚ್ಚು ಹೊತ್ತು ಸಲ್ಲಬೇಕಾದ್ದು ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ. ಇದರ ಮೂಲ ಒಂಬತ್ತನೆಯ ಶತಮಾನದ್ದು. ನೊಳಂಬರು, ಬಾಣರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಎಲ್ಲರ ಕೈ ಇಲ್ಲಿ ಆಡಿದೆ. ಅಕ್ಕಪಕ್ಕ ನಿಂತ ಅರುಣಾಚಲೇಶ್ವರ, ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ. ಅದರ ಮುಂದೆ ಕಪ್ಪುಕಲ್ಲಿನ ಕಲ್ಯಾಣ ಮಂಟಪ. ಅದರ ನಾಲ್ಕು ಕಂಬಗಳಲ್ಲಿ ಶಿವ-ಪಾರ್ವತಿ, ಬ್ರಹ್ಮ-ಸರಸ್ವತಿ, ವಿಷ್ಣು-ಲಕ್ಷ್ಮಿ, ಅಗ್ನಿ-ಸ್ವಾಹಾ ಜೋಡಿಗಳಿವೆ. ಕುಸುರಿ ನೋಡಲು ಕಣ್ಣಿಗೆ ಬಿಡುವು ಬೇಕು; ಗಡಿಯಾರ ನೋಡುತ್ತ ನಿಂತವರಿಗೆ ಇದು ದಕ್ಕದು. ಒಳಗಿನ ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಸುಮ್ಮನೆ ಕೂತರೂ ನಷ್ಟವಿಲ್ಲ. ನಂದಿ ಕೊಂಬಿನಿಂದ ತಿವಿದು ಗಂಗೆಯನ್ನು ತಂದದ್ದು ಇಲ್ಲೇ ಎಂಬುದು ಸ್ಥಳಪುರಾಣ.

ಬೆಟ್ಟದ ಎತ್ತರ 1,478 ಮೀಟರ್. ಹೈದರ್, ಟಿಪ್ಪು ಬಲಪಡಿಸಿದ ಅಲ್ಲಿನ ಕೋಟೆ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಸೇನೆಗೆ ಬಿದ್ದದ್ದು 1791ರ ಅಕ್ಟೋಬರ್‌ನಲ್ಲಿ. ದೇವನಹಳ್ಳಿ ಅದೇ ವರ್ಷ ಮೊದಲೇ ಕೈತಪ್ಪಿತ್ತು. ಕೆಳಗಿನ ಕೋಟೆಯನ್ನು ಬೆಳಿಗ್ಗೆ ನೋಡಿ ಬಂದವರಿಗೆ ಈ ಸೋಲಿನ ಸರಣಿ ತಾನೇ ಬಿಚ್ಚಿಕೊಳ್ಳುತ್ತದೆ. ಟಿಪ್ಪು ಡ್ರಾಪ್‌ನ ಕಡಿದಾದ ಅಂಚಿನಲ್ಲಿ ಕೇಳಿಬರುವ, ಕೈದಿಗಳನ್ನು ಕೆಳಗೆ ತಳ್ಳುತ್ತಿದ್ದರೆಂಬ ಕತೆಗಳಿಗೆ ಅಷ್ಟು ಕಿವಿಗೊಡಬೇಕಾಗಿಲ್ಲ.

ಸುತ್ತಾಟ ಮುಗಿಯುವುದು ತುದಿಯ ಯೋಗನಂದೀಶ್ವರನ ಗುಡಿಯಲ್ಲಿ. ಕೆಳಗಿನ ಅರುಣಾಚಲೇಶ್ವರ ಶಿವನ ಬಾಲ್ಯದ, ಭೋಗನಂದೀಶ್ವರ ಯೌವನದ ರೂಪ, ಮೇಲಿನವನು ವಿರಾಗಿ. ಹಾಗಾಗಿ ಅವನಿಗೆ ಉತ್ಸವಗಳಿಲ್ಲ.